ಭಾವನಿಗೆ ಕೇಳದ ಫ್ಯಾನು

ನಮ್ಮ ಭಾವ ಹೊಸ ಕಂಪ್ಯೂಟರ್ ಕೊಂಡರು ಎಂಬ ಸುದ್ದಿ ಕೇಳಿ ಬೀದಿ ಕೊನೆಯ ಕನ್ನಡಕದಂಗಡಿಯವನು ಒರೆಸುತ್ತಿದ್ದ ಗಾಜನ್ನು ಕೈಬಿಟ್ಟುಬಿಟ್ಟ. ನಾನು ಕಣ್ಣಾರೆ ಕಂಡ ಮಾತಿದು, ಏಕೆಂದರೆ ಸುದ್ದಿ ಮುಟ್ಟಿಸಿದವಳು ನಾನೇ. ಅವನು ಚೂರುಗಳನ್ನು ಹಾಗೇ ಬಿಟ್ಟು, "ಸಾಕು ಸಾಹೇಬ್ರಾ? ಹೊಸದಾ? ಡಬ್ಬಿ ಸಮೇತನಾ?" ಎಂದು ಕೇಳಿದ. ಡಬ್ಬಿ ಸಮೇತ ಎಂದೆ. ಅವನು ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟ.

ಭಾವ ಎಂದರೆ ನನ್ನ ಅಕ್ಕನ ಗಂಡ. ದುಡಿದಷ್ಟು ಕಾಲವೂ ಲಿಫ್ಟ್ ರಿಪೇರಿ ಮಾಡಿದವರು. ಎತ್ತರದ ಕಟ್ಟಡಗಳ ನೆತ್ತಿಯ ಮೇಲೆ ಒಂದು ಸಣ್ಣ ಕೋಣೆ ಇರುತ್ತದಲ್ಲ, ಲಿಫ್ಟನ್ನು ಎಳೆಯುವ ಮೋಟಾರು ಗುರ್ರೆನ್ನುವ ಕೋಣೆ, ಅಲ್ಲೇ ಅವರ ಆಯುಷ್ಯ ಕಳೆಯಿತು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾಗದೆ ಬೀದಿಯವರ ಕಂಪ್ಯೂಟರುಗಳಿಗೆ ಕೈಹಾಕಿದರು. ಅವರ ಮನೆ ಕೆಳಗೆ, ನನ್ನ ಮನೆ ಅದರ ಮೇಲೆ. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹೊರಗಿನ ಮೇಜಿನ ಮೇಲೆ ಕೂತು, ನೋವಿನಿಂದ ಬಂದವರನ್ನು ಇನ್ನೂ ಸ್ವಲ್ಪ ಹೊತ್ತು ಕಾಯಿಸುವ ಕೆಲಸ ಮಾಡುತ್ತೇನೆ. ಹಾಗಾಗಿ ತಾಳ್ಮೆ ಎಂಬುದು ಸಂಜೆ ಹೊತ್ತಿಗೆ ನನ್ನಲ್ಲಿ ಉಳಿದಿರುವುದಿಲ್ಲ. ಮೆಟ್ಟಿಲು ಹತ್ತುವ ಮೊದಲು ಅಕ್ಕನ ಮನೆಗೆ ನುಗ್ಗಿ ಭಾವನ ಮೇಲೆ ಒಂದಿಷ್ಟು ರೇಗಿಯೇ ಹತ್ತುವುದು.

ರೇಗಲು ಕಾರಣವೂ ಇತ್ತು. ಅವರ ಕಂಪ್ಯೂಟರ್! ಅದನ್ನು ಒಂದು ಯಂತ್ರ ಎನ್ನುವುದಕ್ಕಿಂತ ಒಂದು ಅನಾಥಾಶ್ರಮ ಎನ್ನಬಹುದು. ಮಾನಿಟರ್ ನಿವೃತ್ತ ಮೇಷ್ಟ್ರು ಬಿಟ್ಟದ್ದು. ಹಾರ್ಡ್ ಡಿಸ್ಕ್ ಫೋಟೋ ಸ್ಟುಡಿಯೋದವರು ಬೇಡವೆಂದದ್ದು. ಮೆಮೊರಿ ಒಂದು ಕಡೆಯದು, ಮದರ್‌ಬೋರ್ಡ್ ಇನ್ನೊಂದು ಕಡೆಯದು. ಕ್ಯಾಬಿನೆಟ್ಟಿನ ಒಂದು ಬದಿಯ ತಗಡನ್ನು ಬಿಸಿಯಾಗುತ್ತದೆ ಎಂದು ಎಂದೋ ತೆಗೆದಿಟ್ಟಿದ್ದರು. ಆಮೇಲೂ ಬಿಸಿಯಾಯಿತು ಎಂದು, ಯಾವುದೋ ದೊಡ್ಡ ಯಂತ್ರದ ಫ್ಯಾನನ್ನು ತಂದು ದಾರದಿಂದ ಬಿಗಿದಿದ್ದರು. ಸ್ವಿಚ್ ಹಾಕಿದರೆ ಅದು ಮೊದಲು ಕೆಮ್ಮಿ, ಆಮೇಲೆ ಕೀಂ ಎಂದು ಏರಿ, ಕೊನೆಗೆ ಒಂದೇ ಸಮನೆ ಭೋರೆನ್ನುತ್ತಿತ್ತು. "ಭಾವ, ಇದನ್ನ ಎಸೆದು ಹೊಸದು ತಗೊಳ್ಳಿ" ಎಂದು ನಾನು ಹೇಳದ ವಾರವಿಲ್ಲ. "ಯಾಕಮ್ಮಾ, ಇದೇ ಸಾಕು" ಎಂದು ಅವರು ಹೇಳದ ವಾರವೂ ಇಲ್ಲ. ಅದರಿಂದಲೇ ಬೀದಿಯವರು ಅವರಿಗೆ ಸಾಕು ಸಾಹೇಬರು ಎಂದು ಹೆಸರಿಟ್ಟದ್ದು.

ಆದರೆ ಸಲಹೆ ಕೇಳಿ ಬಂದವರಿಗೆ ಅವರು ಒಂದು ದಿನವೂ ತಪ್ಪು ದಾರಿ ತೋರಿಸಿದ್ದಿಲ್ಲ. ಅದೇ ನನ್ನ ಹೊಟ್ಟೆ ಉರಿಸುತ್ತಿದ್ದದ್ದು. ಯಾರೇ ಬರಲಿ, ಮೊದಲ ಪ್ರಶ್ನೆ ಒಂದೇ: "ನಿಮಗೆ ಅದರಿಂದ ಏನು ಕೆಲಸ ಆಗಬೇಕು?" ಮೇಷ್ಟ್ರು ಕಂಪ್ಯೂಟರ್ ನಿಧಾನ ಎಂದು ಗೊಣಗುತ್ತ ಬಂದಾಗ ಹೀಗೇ ಕೇಳಿದರು. ಮೇಷ್ಟ್ರು ಮಾಡುತ್ತಿದ್ದದ್ದು ಪೇಪರ್ ಓದುವುದು, ಮೊಮ್ಮಕ್ಕಳಿಗೆ ಪತ್ರ ಬರೆಯುವುದು ಅಷ್ಟೇ. "ನಿಮ್ಮ ಕಂಪ್ಯೂಟರ್ ನಿಧಾನ ಇಲ್ಲ ಮೇಷ್ಟ್ರೇ, ನಿಮ್ಮ ಕಣ್ಣು ನಿಧಾನ. ದೊಡ್ಡ ಮಾನಿಟರ್ ಹಾಕಿಸಿ, ಬೇರೇನೂ ಬೇಡ" ಎಂದರು. ಮೇಷ್ಟ್ರು ಆವತ್ತು ಮುನಿಸಿಕೊಂಡು ಹೋದರೂ ಮಾನಿಟರ್ ಬಂದ ಮೇಲೆ ಹೊಸ ಜನ್ಮ ಬಂದಂತೆ ಓಡಾಡಿದರು. ಸ್ಟುಡಿಯೋದವರಿಗೆ ಮಾತ್ರ, "ಪ್ರೊಸೆಸರ್ ಹಿಂದಿನದೇ ಇರ್ಲಿ, ಡಿಸ್ಕ್ ಮಾತ್ರ ಹೊಸ ಜಾತಿದು ಹಾಕಿ, ಮೆಮೊರಿ ಜಾಸ್ತಿ ಮಾಡಿ" ಎಂದರು. ಅಪ್‌ಡೇಟ್ ಬಂತು ಎಂದು ಓಡಿ ಬಂದವರಿಗೆ, "ಮೊದಲು ಬ್ಯಾಕಪ್, ಆಮೇಲೆ ಅಪ್‌ಡೇಟ್, ಕೊನೆಗೆ ಊಟ" ಎನ್ನುತ್ತಿದ್ದರು. ಬಿಚ್ಚಲು ಬಾರದ ಲ್ಯಾಪ್‌ಟಾಪುಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮೆಮೊರಿಯನ್ನು ಬೋರ್ಡಿಗೇ ಬೆಸೆದು, ಬ್ಯಾಟರಿಯನ್ನು ಒಳಗೇ ಅಂಟಿಸಿ ಮಾರುವವರನ್ನು ಅವರು ಬೈಯುತ್ತಿದ್ದ ರೀತಿ ಕೇಳಿದರೆ, ತಯಾರಿಸಿದವರು ಬಿಕ್ಕಳಿಸಿಕೊಂಡಿರಬೇಕು.

ಅಕ್ಕ ಇನ್ನೊಂದು ಬಗೆ. ಅವಳು ಡ್ರೈವಿಂಗ್ ಕಲಿಸುವವಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, "ಕ್ಲಚ್! ಕ್ಲಚ್! ಕನ್ನಡಿ ನೋಡು! ಮುಖ ನೋಡ್ಕೊಳ್ಳೋಕಲ್ಲ, ಹಿಂದಿನ ಗಾಡಿ ನೋಡೋಕೆ!" ಎಂದು ಅವಳು ಕೂಗಿದರೆ ಎರಡು ಬೀದಿ ಆಚೆ ನಡೆಯುತ್ತಿದ್ದವರೂ ಬದಿಗೆ ಸರಿಯುತ್ತಿದ್ದರು. ಮನೆಯಲ್ಲೂ ಅದೇ ಕಂಠ. "ರೀ, ಗೇಟ್ ಹಾಕಿದ್ರಾ?" ಎಂದು ಅವಳು ಒಳಗಿಂದ ಕೇಳಿದರೆ ಮೇಲಿನ ಮನೆಯ ನನ್ನ ಕೈ ತಾನಾಗಿ ನನ್ನ ಬಾಗಿಲಿನ ಚಿಲಕಕ್ಕೆ ಹೋಗುತ್ತಿತ್ತು. ಕಲಿಸುವವಳಲ್ಲವೇ, ರೂಢಿ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಆ ಕಂಠ ಒಡೆಯತೊಡಗಿದಾಗ ಯಾರಿಗೂ ಗಾಬರಿಯಾಗಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿದೆ ಎಂದೆವು. ಬಿಸಿನೀರು ಕುಡಿ ಎಂದೆವು. ಗಂಟಲಿನ ಡಾಕ್ಟರರು ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ತುಂಡು ತೆಗೆದು ಪರೀಕ್ಷೆಗೆ ಕಳಿಸಿ, ನಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದರು: ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಇದೆ, ಒಳ್ಳೆಯದಲ್ಲ, ಪೆಟ್ಟಿಗೆಯನ್ನೇ ತೆಗೆಯಬೇಕು. ಜೀವಕ್ಕೆ ಭಯವಿಲ್ಲ. ಆದರೆ ಮಾತು ಹೋಗುತ್ತದೆ.

ಹೋಗುತ್ತದೆ ಎಂದರೆ ಎಷ್ಟು ಹೋಗುತ್ತದೆ ಎಂದು ಕೇಳಿದೆ. ಎಂಥ ದಡ್ಡ ಪ್ರಶ್ನೆ! ಡಾಕ್ಟರರು ಪಾಪ, ಪೂರ್ತಿ ಎಂದು ಮೆಲ್ಲಗೆ ಹೇಳಿದರು. ಅಕ್ಕ ಗೋಡೆಯ ಮೇಲಿದ್ದ ಕಿವಿ-ಮೂಗು-ಗಂಟಲಿನ ಚಿತ್ರವನ್ನೇ ನೋಡುತ್ತಿದ್ದಳು. ಭಾವ ಮುಂದಕ್ಕೆ ಬಾಗಿ, "ಏನಂದ್ರು?" ಎಂದು ನನ್ನನ್ನು ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಇಂಥ ಹೊತ್ತಿನಲ್ಲೂ ಗಮನ ಎಲ್ಲಿದೆ ಈ ಮನುಷ್ಯನಿಗೆ ಎಂದುಕೊಂಡು ಅವರ ಕಿವಿಯ ಹತ್ತಿರ ಮತ್ತೊಮ್ಮೆ ಹೇಳಿದೆ. ಅವರು ಎದ್ದು ಅಕ್ಕನ ಕುರ್ಚಿಯ ಹಿಂದೆ ಹೋಗಿ ನಿಂತರು.

ಅದೇ ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಒಬ್ಬ ಹುಡುಗಿ ಇದ್ದಳು. ನಾವು ಅವಳನ್ನು ಮಾತಿನ ಟೀಚರ್ ಎಂದೇ ಕರೆದೆವು. ಅವಳು ಅಕ್ಕನ ಕೈ ಹಿಡಿದು ಒಂದು ದಾರಿ ಹೇಳಿದಳು. ಆಪರೇಷನ್‌ಗೆ ಮೊದಲು ಅಕ್ಕ ಒಂದಷ್ಟು ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಿಟ್ಟರೆ, ಅದರಿಂದ ಅವಳದೇ ದನಿಯನ್ನು ಕಟ್ಟುವ ಒಂದು ಸಾಫ್ಟ್‌ವೇರ್ ಇದೆ. ಆಮೇಲೆ ಅಕ್ಕ ಏನು ಟೈಪ್ ಮಾಡಿದರೂ ಅದನ್ನು ಆ ದನಿಯಲ್ಲೇ ಹೇಳುತ್ತದೆ. "ಆದರೆ ಬೇಗ ಮಾಡಿ. ದಿನ ಹೋದ ಹಾಗೆ ನಿಮ್ಮ ದನಿ ಇನ್ನೂ ಇಳಿಯುತ್ತೆ. ಒಳ್ಳೆ ಮೈಕ್ ಇರ್ಲಿ, ಕೋಣೆ ನಿಶ್ಶಬ್ದವಾಗಿರ್ಲಿ. ಕಂಪ್ಯೂಟರ್ ಸ್ವಲ್ಪ ಹೊಸದಿದ್ರೆ ವಾಸಿ" ಎಂದಳು.

ಭಾವ ಮನೆಗೆ ಬಂದು ತಮ್ಮ ಅನಾಥಾಶ್ರಮದ ಮುಂದೆ ನಿಂತು, "ರೆಕಾರ್ಡ್ ಮಾಡೋಕೆ ಇದೇ ಸಾಕು" ಎಂದರು.

ನಾನು ದಂಗಾಗಿ ಹೋದೆ. "ಭಾವ! ಈಗಲೂನಾ? ಅಕ್ಕನ ದನಿ ಅದು, ಮೇಷ್ಟ್ರ ಪೇಪರ್ ಅಲ್ಲ!"

"ಕೂಗಬೇಡಮ್ಮಾ, ಕೇಳು" ಎಂದರು. ಅವರ ಲೆಕ್ಕ ಹೀಗಿತ್ತು. ದನಿ ಹಿಡಿಯುವುದು ಮೈಕಿನ ಕೆಲಸ, ಕಂಪ್ಯೂಟರಿಗೆ ಅದರಲ್ಲಿ ಶ್ರಮವೇ ಇಲ್ಲ, ಎಷ್ಟು ಹಳೆಯದಾದರೂ ನಡೆಯುತ್ತದೆ. ದನಿ ಕಟ್ಟುವಾಗ ಬೇಕು ಬಲವಾದ ಯಂತ್ರ, ಅದು ಆಪರೇಷನ್ ಆದ ಮೇಲಿನ ಮಾತು. ಈಗ ಹೊಸ ಕಂಪ್ಯೂಟರ್ ಹುಡುಕಿ, ತಂದು, ಹೊಂದಿಸಿ, ಪಳಗಿಸುವ ಹೊತ್ತಿಗೆ ಅಕ್ಕನ ಗಂಟಲು ಇನ್ನೂ ಇಳಿದಿರುತ್ತದೆ. ಹಾಗಾಗಿ ದುಡ್ಡೆಲ್ಲ ಮೈಕಿಗೆ, ಕೆಲಸ ಇವತ್ತಿನಿಂದಲೇ. ಕೋಪದಿಂದ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು, ಆದರೆ ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಅಕ್ಕನೂ, "ಹೋಗ್ಲಿ ಬಿಡೇ, ಅವರಿಗೆ ಗೊತ್ತು" ಎಂದಳು.

ಸ್ಟುಡಿಯೋದವರು ಕೂಡ ಹುಬ್ಬೇರಿಸುವಂಥ ಮೈಕ್ ಬಂತು. ಹಿಂದಿನ ಕೋಣೆಯ ಕಿಟಕಿಗೆ ರಜಾಯಿ ಕಟ್ಟಿದರು, ಬಾಗಿಲ ಸಂದಿಗೆ ಹಳೆಯ ಟವೆಲ್ ತುರುಕಿದರು, ಗೋಡೆ ಗಡಿಯಾರವನ್ನು ಹೊರಗೆ ಒಯ್ದಿಟ್ಟರು. ಕಂಪ್ಯೂಟರನ್ನು ಅದೇ ಕೋಣೆಗೆ ಹೊತ್ತು ತಂದರು. ಮಧ್ಯಾಹ್ನ ಬೀದಿ ತಣ್ಣಗಿರುವ ಹೊತ್ತಿನಲ್ಲಿ ಅಕ್ಕ ಒಳಗೆ ಕೂತು ಓದುವಳು. ದನಿ ಒಂದಿಷ್ಟು ಒಡೆದಿದ್ದರೂ ಇನ್ನೂ ಅವಳದೇ ಗಟ್ಟಿ ದನಿ. ಕೊಟ್ಟ ವಾಕ್ಯಗಳು ಸಪ್ಪೆಯಾಗಿದ್ದವು. ಬೇಸರವಾಗಿ ಅವಳು ತನ್ನವನ್ನೂ ಸೇರಿಸಿದಳು: "ಕ್ಲಚ್ ಬಿಡು, ನಿಧಾನ, ನಿಧಾನ ಅಂದ್ರೆ ನಿದ್ದೆ ಮಾಡು ಅಂತಲ್ಲ." ಭಾವ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಕಣ್ಣೊರೆಸಿಕೊಂಡು, "ಗಾಜಿನ ಹಾಗಿದೆ ಕಣೇ. ಒಂದು ಕಲೆ ಇಲ್ಲ" ಎನ್ನುವರು. ನಾನು ಕ್ಲಿನಿಕ್ಕಿನಿಂದ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು.

ಅರ್ಧಕ್ಕಿಂತ ಹೆಚ್ಚು ಮುಗಿದ ಮೇಲೆ ಮಾತಿನ ಟೀಚರಿಗೆ ಕೆಲವು ವಾಕ್ಯಗಳನ್ನು ಮಾದರಿಗೆಂದು ಕಳಿಸಿದರು. ಭಾವನ ಫೋನು ಎಷ್ಟು ಸಲ ಬಡಿದುಕೊಂಡರೂ ಅವರು ಎತ್ತುವುದು ಕಡಿಮೆ, ಹಾಗಾಗಿ ಆಕೆ ನನಗೇ ಮಾಡಿದಳು. "ದನಿ ಚೆನ್ನಾಗಿದೆ. ಆದರೆ ಹಿಂದೆ ಏನದು? ಮನೆ ಪಕ್ಕ ಹಿಟ್ಟಿನ ಗಿರಣಿ ಇದೆಯಾ?" ಎಂದು ಕೇಳಿದಳು.

ಅವತ್ತು ರಜೆ ಕೇಳದೆ ಎದ್ದು ಬಂದೆ. ಹೆಡ್‌ಫೋನ್ ಕಿತ್ತುಕೊಂಡು ಕಿವಿಗೆ ಹಾಕಿಕೊಂಡೆ. ಅಕ್ಕನ ಮಾತು. ಅದರ ಹಿಂದೆ, ಮುಂದೆ, ನಡುವೆ, ಎಲ್ಲ ಕಡೆ ಆ ಫ್ಯಾನು! ಕೀಂ ಎಂದು, ಭೋ ಎಂದು. ಅಷ್ಟು ಒಳ್ಳೆಯ ಮೈಕ್ ಅಲ್ಲವೇ, ಒಂದು ಎಳೆಯನ್ನೂ ಬಿಡದೆ ಹಿಡಿದಿತ್ತು.

"ಭಾವ, ಇದು ನಿಮ್ಮ ಕಂಪ್ಯೂಟರ್ ಸದ್ದು!"

"ಯಾವ ಸದ್ದು?"

"ಈ ಸದ್ದು! ಈಗಲೂ ಬರ್ತಿದೆಯಲ್ಲ!"

ಅವರು ಕ್ಯಾಬಿನೆಟ್ಟಿಗೆ ಕಿವಿ ಹಚ್ಚಿದರು. ನನ್ನ ಮುಖ ನೋಡಿದರು. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರೋ ಏನೋ, ಒಂದಿಷ್ಟು ನಕ್ಕರು. "ಏನೂ ಇಲ್ವಲ್ಲಮ್ಮಾ" ಎಂದರು. ಆ ಸದ್ದಿನಲ್ಲಿ ಪಕ್ಕದಲ್ಲಿದ್ದವರ ಮಾತು ಕೇಳಿಸುವುದೇ ಕಷ್ಟ, ಇವರು ಅದಕ್ಕೆ ಕಿವಿ ಅಂಟಿಸಿಕೊಂಡು ಏನೂ ಇಲ್ಲ ಎನ್ನುತ್ತಿದ್ದಾರೆ!

ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ರೀ, ನಿಮಗೆ ಅದು ಕೇಳಲ್ವಾ? ಯಾವತ್ತೂ ಕೇಳಿಲ್ವಾ?" ಎಂದಳು.

ಭಾವನಿಗೆ ನಂಬಿಕೆ ಬಂದದ್ದು ಕಣ್ಣಿನಿಂದ. ರೆಕಾರ್ಡ್ ಮಾಡಿದ ದನಿ ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಮಾತಿದ್ದಲ್ಲಿ ಉಬ್ಬು, ಮಾತಿಲ್ಲದಲ್ಲಿ ಸಪಾಟು. ಅಕ್ಕ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಗೆರೆ ಸಪಾಟಾಗಿರಬೇಕಿತ್ತು. ಅವರು ಅದನ್ನು ಹಿಗ್ಗಿಸಿ ನೋಡಿದರು. ಅಲ್ಲಿ ದಟ್ಟವಾಗಿ ಹುಲ್ಲು ಬೆಳೆದಂತಿತ್ತು. ಇನ್ನೊಂದು ವಾಕ್ಯ ತೆಗೆದರು, ಅಲ್ಲೂ ಹುಲ್ಲು. ಫ್ಯಾನಿನ ದಾರ ಬಿಚ್ಚಿ ನಿಲ್ಲಿಸಿ, ಮೈಕಿನ ಮುಂದೆ ಉಸಿರು ಬಿಗಿಹಿಡಿದು ನೋಡಿದರು. ಹುಲ್ಲು ಅರ್ಧ ಇಳಿಯಿತು, ಮತ್ತು ಕಂಪ್ಯೂಟರ್ ಬಿಸಿಯಾಗಿ ತಟ್ಟನೆ ಆರಿಹೋಯಿತು. ಕೋಣೆ ನಿಜವಾಗಿ ನಿಶ್ಶಬ್ದವಾದದ್ದು ಆಗ. ಆ ವ್ಯತ್ಯಾಸ ಅಕ್ಕನಿಗೆ, ನನಗೆ ಕೇಳಿಸಿತು. ಅವರಿಗಿಲ್ಲ.

ಲಿಫ್ಟಿನ ಮೋಟಾರುಗಳ ನಡುವೆ ಬದುಕು ಕಳೆದವರ ಕಿವಿಯಿಂದ ಇಂಥ ಸದ್ದುಗಳು ಮೊದಲು ಅಳಿಸಿಹೋಗುತ್ತವೆ ಎಂದು ಆಮೇಲೆ ಡಾಕ್ಟರರು ಹೇಳಿದರು. ತೆಳುವಾದದ್ದು, ಮೆಲ್ಲನೆಯದು, ಪಿಸುಮಾತು, ಫೋನಿನ ಗಂಟೆ. ಮೋಟಾರಿನಂತೆ ಒಂದೇ ಸಮನೆ ಮೊರೆಯುವುದಂತೂ ಅವರಿಗೆ ಸದ್ದೇ ಅಲ್ಲವಂತೆ, ಕಿವಿಗೆ ಯಂತ್ರ ಹಾಕಿದರೂ ಹೆಚ್ಚು ಉಪಯೋಗವಿಲ್ಲವಂತೆ. "ಏನಂದ್ರು?" ಎಂದು ಅವರು ಕೇಳುತ್ತಿದ್ದದ್ದು ಗಮನವಿಲ್ಲದೆ ಅಲ್ಲ. ನಾನು ಇಷ್ಟು ವರ್ಷ ರೇಗಿದ್ದು ಅವರಿಗೆ ಕೇಳುತ್ತಿದ್ದದ್ದು ಕೂಡ ನಾನು ಕಿರುಚುತ್ತಿದ್ದ ಕಾರಣಕ್ಕೇ.

ಆದರೆ ಆ ಮಧ್ಯಾಹ್ನ ಅಕ್ಕ ಹೇಳಿದ ಮಾತು ಇನ್ನೂ ದೊಡ್ಡದು. "ರೆಕಾರ್ಡಿಂಗಲ್ಲಿ ಅದನ್ನ ಆಮೇಲೆ ತೆಗೀತೀರಿ ಅಂತ ಸುಮ್ಮನಿದ್ದೆ. ನಿಮಗೆ ಆ ಸದ್ದು ಇಷ್ಟ ಅಂದ್ಕೊಂಡಿದ್ದೆ. ಅದರ ಮೇಲೆ ಕೂಗಿ ಕೂಗಿ ಮಾತಾಡೋದು ರೂಢಿ ಮಾಡ್ಕೊಂಡೆ. ಇಲ್ಲದಿದ್ರೆ ನೀವು ತಿರುಗಿ ನೋಡ್ತಿರಲಿಲ್ಲ" ಎಂದಳು. ಕೋಪದಿಂದಲ್ಲ, ನಿಜಕ್ಕೂ ಆಶ್ಚರ್ಯದಿಂದ.

ಭಾವ ಎದ್ದು ಹೊರಗೆ ಹೋದರು. ಗೇಟಿನ ಹತ್ತಿರ ನಿಂತಿದ್ದರು. ನಾನು ಹೋದಾಗ ನನ್ನ ಕಡೆ ತಿರುಗಿ, "ನನಗೋಸ್ಕರ ಕೂಗಿ ಕೂಗಿನೇ ಅವಳ ಗಂಟಲು ಹೀಗಾಯ್ತಾ?" ಎಂದು ಕೇಳಿದರು. ಅಷ್ಟು ಹೆದರಿದ ಮುಖವನ್ನು ನಾನು ಕ್ಲಿನಿಕ್ಕಿನಲ್ಲೂ ಕಂಡಿಲ್ಲ. ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವರು ಖಂಡಿತವಾಗಿ ಹೇಳಿದರು. ನಾನು ಅದನ್ನು ಭಾವನ ಕಿವಿಯಲ್ಲಿ ಕೂಗಿ ಹೇಳಿದೆ. ಅವರು ತಲೆಯಾಡಿಸಿದರು, ನಂಬಿದರೋ ಇಲ್ಲವೋ ತಿಳಿಯಲಿಲ್ಲ. "ಚಪ್ಪಲಿ ಹಾಕ್ಕೋ, ಅಂಗಡಿಗೆ ಹೋಗೋಣ" ಎಂದರು.

ಅಂಗಡಿಯಲ್ಲಿ ಆದದ್ದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಮಾರುವವನು ವೇಗ, ಪರದೆ, ಮೆಮೊರಿ ಎಂದು ಶುರುಮಾಡಿದ. ಭಾವ ಕೈಯೆತ್ತಿ ತಡೆದು, "ಸದ್ದು ಮಾಡದೇ ಇರೋದು ಯಾವುದು?" ಎಂದರು. ಅವನು ಸ್ಪೀಕರ್ ಕೆಟ್ಟದ್ದು ಕೇಳುತ್ತಿದ್ದಾರೆಂದು ತಬ್ಬಿಬ್ಬಾದ. ಆಮೇಲೆ ಭಾವ ನನ್ನತ್ತ ತಿರುಗಿ, "ನೀನು ಕೇಳಿ ಹೇಳಮ್ಮಾ" ಎಂದರು. ಅಷ್ಟು ಜನರ ನಡುವೆ ನಾನು ಒಂದೊಂದೇ ಲ್ಯಾಪ್‌ಟಾಪಿಗೆ ಕಿವಿ ಒತ್ತಿ ಕೇಳುತ್ತ ಹೋದೆ, ಜ್ವರ ಬಂದವರ ಎದೆಗೆ ಡಾಕ್ಟರು ಕಿವಿಗೊಟ್ಟ ಹಾಗೆ. ವೇಗದವು ಒಂದಿಷ್ಟು ಕೆಲಸ ಕೊಟ್ಟೊಡನೆ ಸುಯ್ಯೆನ್ನುತ್ತಿದ್ದವು. ಕೊನೆಗೆ ಒಂದು ತೆಳ್ಳನೆಯದಕ್ಕೆ ಕಿವಿಯಿಟ್ಟರೆ ಏನೂ ಇಲ್ಲ. ಅದರೊಳಗೆ ಫ್ಯಾನೇ ಇಲ್ಲವಂತೆ. ಬಿಸಿಯಾದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದಂತೆ. ಮೆಮೊರಿ ಬೋರ್ಡಿಗೆ ಬೆಸೆದದ್ದು. ಬ್ಯಾಟರಿ ಅಂಟಿಸಿದ್ದು. ಒಂದು ಸ್ಕ್ರೂ ಬಿಚ್ಚುವ ಹಾಗಿಲ್ಲ.

ಅವರು ಜೀವಮಾನವಿಡೀ ಬೈದದ್ದೆಲ್ಲ ಒಂದೇ ಡಬ್ಬಿಯಲ್ಲಿ! "ಭಾವ, ಇದು ಕೆಟ್ರೆ ನೀವು ರಿಪೇರಿ ಮಾಡೋಕಾಗಲ್ಲ" ಎಂದೆ. "ಗೊತ್ತು, ಕೊಡಪ್ಪಾ" ಎಂದು ಅವರು ಮಾರುವವನಿಗೆ ಹೇಳಿದರು. ಬೆಲೆಯನ್ನೂ ಚೌಕಾಶಿ ಮಾಡಲಿಲ್ಲ. ದಾರಿಯಲ್ಲಿ ಡಬ್ಬಿಯನ್ನು ಎದೆಗವಚಿಕೊಂಡು ನಡೆದರು.

ಅಕ್ಕ ಮತ್ತೆ ಮೊದಲಿನಿಂದ ಓದತೊಡಗಿದಳು. ಪರದೆಯ ಮೇಲೆ ಈಗ ಹುಲ್ಲಿರಲಿಲ್ಲ, ಗೆರೆ ಸಪಾಟಾಗಿತ್ತು. ಆದರೆ ಉಬ್ಬೂ ಇರಲಿಲ್ಲ. ಅಷ್ಟು ದಿನಗಳಲ್ಲಿ ಅವಳ ದನಿ ಇಳಿದೇ ಹೋಗಿತ್ತು. ಮಾತೆಂದರೆ ಗಾಳಿ, ನಡುನಡುವೆ ಒಂದು ಕೀರಲು. ಒಂದು ವಾಕ್ಯಕ್ಕೆ ಮೂರು ಸಲ ನಿಲ್ಲುವಳು. ನಾನು ಬಾಗಿಲ ಹೊರಗೆ ಕೂತು ಕೇಳುತ್ತಿದ್ದೆ. ಭಾವ ಕಿವಿಯನ್ನು ಬಿಟ್ಟು ಪರದೆಯನ್ನೇ ನೋಡುತ್ತ, "ಇನ್ನೊಂದು ಸಲ ಕಣೇ, ಇನ್ನೊಂದೇ ಸಲ" ಎನ್ನುತ್ತಿದ್ದರು. ಇದೇ ಸಾಕು ಎಂಬ ಮಾತು ಅವರ ಬಾಯಿಂದ ಬರುವುದೇ ನಿಂತುಹೋಗಿತ್ತು. ಪೂರ್ತಿ ಮುಗಿಯುವ ಮೊದಲೇ ಆಪರೇಷನ್ ದಿನ ಬಂತು.

ಆಪರೇಷನ್ ಚೆನ್ನಾಗಿಯೇ ಆಯಿತು. ಅಕ್ಕ ಮನೆಗೆ ಬಂದಳು, ಕುತ್ತಿಗೆಯಲ್ಲಿ ಉಸಿರಾಟದ ರಂಧ್ರ, ಕೈಯಲ್ಲಿ ಬರೆಯುವ ಹಲಗೆ. ಮನೆ ಎಷ್ಟು ಸುಮ್ಮನಿತ್ತೆಂದರೆ ನಾನು ಮೇಲಿನಿಂದ ಮತ್ತೆ ಮತ್ತೆ ಇಳಿದು ಬಂದು ನೋಡುತ್ತಿದ್ದೆ. ಭಾವ ಬೆನ್ನು ತಿರುಗಿಸಿದ್ದರೆ ಅವರನ್ನು ಕರೆಯಲು ಅವಳಿಗೆ ದಾರಿಯೇ ಇರಲಿಲ್ಲ. ಮೇಜು ಕುಟ್ಟಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಕೊನೆಗೆ ದಿಂಬು ಎಸೆಯತೊಡಗಿದಳು. ಗುರಿ ಒಳ್ಳೆಯದಿತ್ತು. ಭಾವ ಏಟು ತಿಂದು ತಿರುಗಿ, "ಹೇಳು" ಎನ್ನುತ್ತಿದ್ದರು. ನೋಡಿದವರಿಗೆ ನಗು ಬರಬೇಕು, ನನಗೆ ಅಳು ಬರುತ್ತಿತ್ತು.

ಆ ದಿನಗಳಲ್ಲೇ ಅವರು ಹಳೆಯ ಕಂಪ್ಯೂಟರನ್ನು ಬಿಚ್ಚಿದರು. ಮಾನಿಟರ್, ಡಿಸ್ಕ್, ಮೆಮೊರಿ ಎಲ್ಲ ಬೇಕಾದವರ ಮನೆ ಸೇರಿದವು. ಆ ಫ್ಯಾನನ್ನು ಮಾತ್ರ ತಾವೇ ಒಯ್ದು ಬೀದಿಯ ಕಸದ ತೊಟ್ಟಿಗೆ ಹಾಕಿ ಬಂದರು. ಕೆಟ್ಟಿರದ ವಸ್ತುವೊಂದನ್ನು ಸಾಕು ಸಾಹೇಬರು ಎಸೆದದ್ದನ್ನು ನೋಡಿದ ಮೇಷ್ಟ್ರು, ನನ್ನನ್ನು ಕರೆದು, "ಅವರ ಆರೋಗ್ಯ ಹೇಗಿದೆ?" ಎಂದು ವಿಚಾರಿಸಿದರು.

ಮಾತಿನ ಟೀಚರ್ ಕೆಲವು ವಾರಗಳ ಮೇಲೆ ಮನೆಗೇ ಬಂದಳು. ಎರಡು ದನಿ ಕಟ್ಟಿಸಿ ತಂದಿದ್ದಳು. ಒಂದು, ಹೊಸ ಲ್ಯಾಪ್‌ಟಾಪಿನಲ್ಲಿ ಹಿಡಿದ ಸ್ವಚ್ಛ ದನಿ, ಆದರೆ ಅಕ್ಕನ ಕೊನೆಯ ದಿನಗಳ ಸೋತ ದನಿ. ಇನ್ನೊಂದು, ಹಳೆಯದರಲ್ಲಿ ಹಿಡಿದ ಗಟ್ಟಿ ದನಿ, ಹಿಂದೆ ಫ್ಯಾನು. ಆ ಸದ್ದನ್ನು ತೊಳೆದು ತೆಗೆಯಲು ಅವಳು ಪ್ರಯತ್ನಿಸಿದ್ದಳು. ಸದ್ದಿನ ಜೊತೆ ಅಕ್ಕನ ದನಿಯ ಅಂಚೂ ಕಿತ್ತುಬಂದು, ನೀರಿನೊಳಗಿಂದ ಯಾರೋ ಮಾತಾಡಿದಂತಾಯಿತಂತೆ. ಹಾಗಾಗಿ ಹಾಗೇ ಬಿಟ್ಟಿದ್ದಳು. "ಯಾವುದು ಬೇಕೋ ನೀವೇ ಹೇಳಿ. ಇನ್ನು ಇದೇ ನಿಮ್ಮ ದನಿ" ಎಂದು ಅಕ್ಕನ ಮುಂದೆ ಲ್ಯಾಪ್‌ಟಾಪ್ ಇಟ್ಟಳು.

"ಇದರಲ್ಲಿ ಕೇಳೋದೇನಿದೆ?" ಎಂದರು ಭಾವ. "ಸ್ವಚ್ಛ ಇರೋದೇ ಆಗ್ಲಿ. ಜನರ ಮುಂದೆ ಮಾತಾಡುವಾಗ ಹಿಂದೆ ನನ್ನ ದರಿದ್ರ ಫ್ಯಾನ್ ಕಿರುಚೋದು ಬೇಡ. ಇನ್ನಾದ್ರೂ ಬೇಡ."

ಅಕ್ಕ ಮೊದಲು ಸ್ವಚ್ಛ ದನಿಯನ್ನೇ ಆರಿಸಿ ಏನೋ ಟೈಪ್ ಮಾಡಿದಳು. "ಎಲ್ಲರೂ ಊಟ ಮಾಡಿದಿರಾ?" ಎಂದು ಅದು ಕೇಳಿತು. ಆಸ್ಪತ್ರೆಗೆ ಹೊರಟ ದಿನದ ಅಕ್ಕ, ತದ್ರೂಪು. ಭಾವ ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದರು. ಅಕ್ಕ ಅವರ ಮುಖವನ್ನೇ ನೋಡಿದಳು. ಇನ್ನೊಂದು ಟೈಪ್ ಮಾಡಿದಳು. "ನಾನೀಗ ಏನು ಹೇಳಿದೆ, ಹೇಳಿ" ಎಂದಿತು ಯಂತ್ರ. ಭಾವ ಮತ್ತೆ ತಲೆಯಾಡಿಸಿ, "ಬಹಳ ಚೆನ್ನಾಗಿದೆ" ಎಂದರು. ನಾನು ಮತ್ತು ಟೀಚರ್ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರಿಗೆ ಒಂದು ಅಕ್ಷರವೂ ಕೇಳಿರಲಿಲ್ಲ.

ಅಕ್ಕ ಏನೂ ತೋರಗೊಡಲಿಲ್ಲ. ನೀರು ಬೇಕೆಂದು ಸನ್ನೆ ಮಾಡಿದಳು. ಭಾವ ಅಡುಗೆಮನೆಗೆ ಹೋದರು. ಅವರು ಬೆನ್ನು ತಿರುಗಿಸಿ ನಲ್ಲಿಯ ಕೆಳಗೆ ಲೋಟ ಹಿಡಿದಿದ್ದದ್ದು ನಾವು ಕೂತಲ್ಲಿಂದ ಕಾಣುತ್ತಿತ್ತು. ಅಕ್ಕ ದನಿಯನ್ನು ಬದಲಿಸಿ, ಟೈಪ್ ಮಾಡಿ, ಒತ್ತಿದಳು.

"ರೀ, ಗೇಟ್ ಹಾಕಿದ್ರಾ?"

"ಹಾಕಿದೆ ಕಣೇ" ಎಂದರು ಭಾವ.

ಉತ್ತರ ಕೊಟ್ಟ ಮೇಲೆ ಅವರಿಗೆ ಗೊತ್ತಾಯಿತು, ತಮಗೆ ಕೇಳಿಸಿತೆಂದು. ಲೋಟ ತುಂಬಿ ನೀರು ಕೈಮೇಲೆ ಹರಿಯುತ್ತಿದ್ದರೂ ಅವರು ಅಲುಗಾಡಲಿಲ್ಲ. ಆ ಕೂಗಿನ ಹಿಂದೆ ಫ್ಯಾನು ಭೋರೆನ್ನುತ್ತಿತ್ತು, ಕಸದ ತೊಟ್ಟಿಗೆ ಹೋಗಿ ವಾರಗಳೇ ಆದ ಅದೇ ಫ್ಯಾನು, ಕೋಣೆಯೊಳಗೆ ಬಂದು ನಿಂತ ಹಾಗೆ. ಭಾವ ನಲ್ಲಿಯನ್ನು ನಿಲ್ಲಿಸದೇ ಹಾಗೇ ಬಂದರು. ಅಕ್ಕನ ಮುಂದೆ ನೆಲದ ಮೇಲೆ ಕೂತುಬಿಟ್ಟರು.

"ಬೇಡ ಕಣೇ" ಎಂದರು, ಅಳುತ್ತ. "ನನಗೆ ಕೇಳದೇ ಇರಬಹುದು. ಆದ್ರೆ ಹುಲ್ಲು ನೋಡಿದ್ದೀನಲ್ಲ. ಎಲ್ಲರಿಗೂ ಆ ಸದ್ದು ಕೇಳುತ್ತೆ."

ಅಕ್ಕ ನಿಧಾನವಾಗಿ ಟೈಪ್ ಮಾಡಿದಳು. ಇನ್ನೂ ಕೈ ಪಳಗಿರಲಿಲ್ಲ, ನಾವೆಲ್ಲ ಕಾದೆವು. ಆಮೇಲೆ ಅವಳ ಹಳೆಯ ಗಟ್ಟಿ ದನಿ ಕೇಳಿತು: "ನನಗೆ ಈ ದನಿಯಿಂದ ಏನು ಕೆಲಸ ಆಗಬೇಕು? ನಿಮಗೆ ಕೇಳಬೇಕು. ಅಷ್ಟಕ್ಕೆ ಇದೇ ಸಾಕು."

ಮಾತಿನ ಟೀಚರ್ ಎದ್ದು ಹೋಗಿ ನಲ್ಲಿ ನಿಲ್ಲಿಸಿ ಬಂದಳು.

ಅಕ್ಕ ಈಗ ಮತ್ತೆ ಡ್ರೈವಿಂಗ್ ಕಲಿಸುತ್ತಿದ್ದಾಳೆ. ಬೇಕಾದ ಮಾತುಗಳನ್ನೆಲ್ಲ ಭಾವ ಅವಳ ಫೋನಿನಲ್ಲಿ ಒಂದೊಂದು ಗುಂಡಿಗೆ ಹಾಕಿಕೊಟ್ಟಿದ್ದಾರೆ. ಒತ್ತಿದರೆ "ಕ್ಲಚ್! ಕ್ಲಚ್!" ಎಂದು ಕಾರು ತುಂಬುತ್ತದೆ. ಹಿಂದಿನ ಸದ್ದನ್ನು ಕಲಿಯುವವರು ಇಂಜಿನ್ನಿನದು ಎಂದುಕೊಂಡು ಗೇರ್ ಬದಲಿಸುತ್ತಾರಂತೆ. ಫೋನಿನಲ್ಲಿ ಮಾತಾಡಿದವರು ಗಿರಣಿಯಲ್ಲಿದ್ದೀರಾ ಎಂದು ಕೇಳುತ್ತಾರೆ. ನನಗೆ ಇನ್ನೂ ರೂಢಿಯಾಗಿಲ್ಲ. ಮೆಟ್ಟಿಲು ಹತ್ತುವಾಗ ಕೆಳಗಿಂದ ಆ ದನಿ, ಆ ಭೋರ್ಗರೆತ ಒಟ್ಟಿಗೆ ಕೇಳಿದರೆ ಪ್ರತಿ ಸಲವೂ ಹಿಂದಿರುಗಿ ಇಳಿದು ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ. ನಿನ್ನೆಯೂ ಹಾಗೇ ಆಯಿತು.

"ಏನಮ್ಮಾ, ಯಾಕೆ ಹಾಗೆ ನಿಂತೆ?" ಎಂದರು ಭಾವ.

"ಏನಿಲ್ಲ ಭಾವ, ಆ ಫ್ಯಾನಿನ ಸದ್ದು" ಎಂದು ಕೂಗಿದೆ.

"ಎಲ್ಲಿ?" ಎಂದು ಅವರು ಅಕ್ಕನ ಕಡೆ ನೋಡಿ ಕೇಳಿದರು.